ಮೊದಲು ಹೆಂಡತಿಯೊಂದಿಗೆ ಕಾಫಿ, ಆಮೇಲೆ ಸಿಲೆಬಸ್

ನಮಸ್ಕಾರ. ಎಂದಿನಂತೆ ಕಾರಿನಲ್ಲಿ ಕುಳಿತೇ ಮಾತನಾಡುತ್ತಿದ್ದೇನೆ. ಆರು ಮಕ್ಕಳನ್ನು ಶಾಲೆಗೆ ಕಳಿಸದೆ ಗಂಡ ಹೆಂಡತಿ ನಾವೇ ಪಾಠ ಹೇಳುವ ಮನೆಯಲ್ಲಿ ಒಳಗಿನಿಂದ ಬೀಗ ಹಾಕಿಕೊಳ್ಳಬಹುದಾದ ಜಾಗ ಇದೊಂದೇ. ಡಲ್ಲಾಸ್‌ನ ಸೆಕೆಗೆ ಬೆವರುತ್ತಿದ್ದೇನೆ, ಕ್ಷಮಿಸಿ. ಏಸಿ ಹಾಕಿದರೆ ಮೈಕ್ ಗುಂಯ್ ಎನ್ನುತ್ತದೆ.

ಹೋದ ವಾರದ ವಿಡಿಯೊ ನೋಡಿ ಒಬ್ಬರು ಬರೆದಿದ್ದಾರೆ: "ಮನೆಶಾಲೆಗೆ ಯಾವ ಸಿಲೆಬಸ್ ಎಂದು ಹೇಳಿದರೆ ಸಾಕು. ನಿಮ್ಮ ಗಂಡ ಹೆಂಡತಿ ಪುರಾಣ ಯಾರಿಗೆ ಬೇಕು?" ಸ್ವಾಮಿ, ಆ ಪುರಾಣವೇ ಸಿಲೆಬಸ್!

ಟೆಕ್ಸಸ್‌ನಲ್ಲಿ ಕಾನೂನು ಕೇಳುವುದು ಐದೇ ವಿಷಯ: ಓದು, ಕಾಗುಣಿತ, ವ್ಯಾಕರಣ, ಗಣಿತ, ಒಳ್ಳೆಯ ಪ್ರಜೆಯ ನಡತೆ. ಮನೆಶಾಲೆಯನ್ನೂ ಖಾಸಗಿ ಶಾಲೆಯೆಂದೇ ಎಣಿಸಬೇಕೆಂಬ ತೀರ್ಪನ್ನು ರಾಜ್ಯದ ಸುಪ್ರೀಂ ಕೋರ್ಟ್ 1994ರಲ್ಲಿ ಎತ್ತಿಹಿಡಿಯಿತು. ಇನ್ಸ್‌ಪೆಕ್ಟರ್ ಬರುವುದಿಲ್ಲ. ನಮ್ಮಲ್ಲಂತೂ ಆರು ಇನ್ಸ್‌ಪೆಕ್ಟರುಗಳು ಒಳಗೇ ಇದ್ದಾರೆ.

ಮೊನ್ನೆ ಮಂಗಳವಾರ ನಾನು ಮಗನಿಗೆ ಮಂಗಳೂರಿನಲ್ಲಿ ಕಲಿತ ರೀತಿಯಲ್ಲಿ ಭಾಗಾಕಾರ ಹೇಳಿಕೊಟ್ಟೆ. ಇವಳು ಹಿಂದಿನ ದಿನ ಬೋರ್ಡಿನ ಮೇಲೆ ಬರೆದಿದ್ದ ರೀತಿ ಬೇರೆ, ಅದನ್ನು ಅಳಿಸಿಬಿಟ್ಟಿದ್ದೆ. ಆಮೇಲೆ ಉಪ್ಪಿಟ್ಟಿನ ತಟ್ಟೆ ನನ್ನ ಮುಂದೆ ಬಂತು, ಮಾತು ಬರಲಿಲ್ಲ. ಹತ್ತು ನಿಮಿಷ ಬಿಟ್ಟು ನೋಡುತ್ತೇನೆ, ಎಂಟು ವರ್ಷದ ಮಗಳು ಬೋರ್ಡಿನ ಮೇಲೆ ಹಸಿರು ಮಾರ್ಕರ್‌ನಲ್ಲಿ ದೊಡ್ಡದಾಗಿ "ಇವತ್ತು ರಜೆ" ಎಂದು ಬರೆದಿದ್ದಾಳೆ. ಯಾರು ಕೊಟ್ಟರು ರಜೆ ಎಂದರೆ, "ನೀವಿಬ್ಬರೂ ಮಾತನಾಡುತ್ತಿಲ್ಲವಲ್ಲ, ಅಪ್ಪ."

ಗಂಡ ಹೆಂಡತಿ ಮಾತು ಬಿಟ್ಟರೆ ಶಾಲೆಗೆ ರಜೆ. ಇಷ್ಟೇ ನಾನು ಹೇಳುವುದು.

ಮನೆಶಾಲೆಯ ತಾಯಂದಿರ ಕೂಟಗಳಲ್ಲಿ ಸುಸಾನಾ ವೆಸ್ಲಿಯ ಹೆಸರು ಬಾರದೆ ಇರುವುದಿಲ್ಲ. ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥ ಕಟ್ಟಿದ ಜಾನ್ ವೆಸ್ಲಿಯ ತಾಯಿ. 19 ಹೆತ್ತು 10 ಉಳಿದವು. ಇಂಗ್ಲೆಂಡಿನ ಎಪ್‌ವರ್ತ್‌ನ ಪಾದ್ರಿಮನೆಯಲ್ಲಿ ದಿನಕ್ಕೆ 6 ಗಂಟೆ ಪಾಠ. ಆಹಾ, ಎಂಥ ತಾಯಿ! ಸರಿ. ಆದರೆ ರಾಜ ವಿಲಿಯಂಗಾಗಿ ಗಂಡ ಮಾಡಿದ ಪ್ರಾರ್ಥನೆಗೆ ಈಕೆ ಆಮೆನ್ ಹೇಳಲಿಲ್ಲವೆಂದು 1702ರ ಆಸುಪಾಸಿನಲ್ಲಿ ಆ ಪುಣ್ಯಾತ್ಮ ಮನೆ ಬಿಟ್ಟು ಹೋದ ಕಥೆ ಯಾರೂ ಎತ್ತುವುದಿಲ್ಲ. ಒಂದು ಆಮೆನ್‌ಗೆ! ಕೊನೆಗೆ ಮರಳಿ ಬಂದ, 1703ರಲ್ಲಿ ಜಾನ್ ಹುಟ್ಟಿದ. ಅವರಿಬ್ಬರು ರಾಜಿಯಾಗದಿದ್ದರೆ ಜಾನ್ ಎಲ್ಲಿ, ಮೆಥಡಿಸ್ಟರೆಲ್ಲಿ? ಗಂಡನಿಲ್ಲದಾಗಲೂ ಪಾಠ ನಡೆಯಿತಲ್ಲ ಎನ್ನುತ್ತೀರಾ? ಹೇಳುತ್ತೀರಿ, ಗೊತ್ತು. ಮುಂದೆ ಹೋಗೋಣ.

ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ ಹೆಂಡತಿ ಅಧೀನಳಾಗಿರಲಿ ಎಂಬ ವಚನ ನಮ್ಮ ಗಂಡಸರಿಗೆ ಬಾಯಿಪಾಠ. ಮೂರು ವಚನ ಕೆಳಗಿಳಿಯಿರಿ: ಕ್ರಿಸ್ತನು ಸಭೆಗಾಗಿ, ಅಂದರೆ ತನ್ನ ಭಕ್ತರ ಬಳಗಕ್ಕಾಗಿ, ತನ್ನನ್ನೇ ಒಪ್ಪಿಸಿಕೊಟ್ಟಂತೆ ಅವಳನ್ನು ಪ್ರೀತಿಸಬೇಕಂತೆ. ಪ್ರಾಣ ಬೇಡ ಮಹರಾಯರೇ, ಪಾತ್ರೆ ತೊಳೆಯಿರಿ. ರಾತ್ರಿ ಒಂಬತ್ತಕ್ಕೆ ಅಡುಗೆಮನೆ ಬಾಗಿಲು ಹಾಕಿ ಇಪ್ಪತ್ತು ನಿಮಿಷ ಹೆಂಡತಿಯೊಂದಿಗೆ ಕಾಫಿ ಕುಡಿಯಿರಿ. 127ನೆಯ ಕೀರ್ತನೆಯನ್ನು ಹಿಡಿದು ಬತ್ತಳಿಕೆ ತುಂಬ ಮಕ್ಕಳೆಂಬ ಬಾಣ ಬೇಕೆನ್ನುತ್ತೀರಲ್ಲ, ಬಿಲ್ಲಿಗೆ ಹೆದೆ ಕಟ್ಟದೆ ಕೈಯಲ್ಲಿ ಎಸೆಯುತ್ತೀರಾ?

"ಮಕ್ಕಳಿಗೆ ಸಮಾಜದ ಒಡನಾಟ?" ಬಂತು ನೋಡಿ! ಬೆಳಿಗ್ಗೆ ಏಳಕ್ಕೆ ಒಂದು ಬಚ್ಚಲುಮನೆಯ ಮುಂದೆ ಆರು ಜನ ಸಾಲು ನಿಂತಾಗ ಕಲಿಯುವಷ್ಟು ಸಮಾಜ ಯಾವ ಶಾಲೆಯಲ್ಲಿದೆ?

ನಮ್ಮ ವೇಳಾಪಟ್ಟಿಯ ಪಿಡಿಎಫ್ ಸದಸ್ಯರಿಗೆ ಉಚಿತ. ಅದರಲ್ಲಿ ಕಾಫಿಯೇ ಮೊದಲ ಪೀರಿಯಡ್. ಚಂದಾದಾರರಾಗಿ, ಗಂಟೆ ಒತ್ತಿ. ಶನಿವಾರ ಲೈವ್‌ಗೆ ಇವಳೂ ಬರುತ್ತಾಳೆ, ಭಾಗಾಕಾರದ ವಿಷಯ ಮಾತ್ರ ಕೇಳಬೇಡಿ. ಸಿಲೆಬಸ್ ಕೇಳಿದವರೇ, ನಿಮಗೆ ಮದುವೆಯಾಗಿದೆಯೇ? ಆಗಿದ್ದರೆ ಮನೆಯವರನ್ನೇ ಕೇಳಿ, ಅವರೇ...

ಒಂದು ನಿಮಿಷ. ಇವಳು ಕಿಟಕಿ ಬಡಿಯುತ್ತಿದ್ದಾಳೆ. ಒಂಬತ್ತೂ ಇಪ್ಪತ್ತೈದಂತೆ, ಕಾಫಿ ಆರಿಹೋಯಿತಂತೆ.