ಕಲ್ಲಿನ ಮೇಲಿಟ್ಟ ಜಪಮಾಲೆ

ಮಾನ್ಯರೇ,

ಪವಿತ್ರ ನಾಡಿನ ಯಾತ್ರೆಗೆ ಸಿದ್ಧರಾಗುತ್ತಿರುವ ಹಲವರು ಮಂಗಳೂರಿನ ಈ ಸಭೆಯಲ್ಲಿದ್ದೀರಿ. ನೋಡಬೇಕಾದ ಸ್ಥಳಗಳ ಪಟ್ಟಿ ನಿಮ್ಮ ಕೈಸೇರಿರುವುದರಿಂದ, ಆ ಸ್ಥಳಗಳ ಮುಂದೆ ಹೇಗೆ ನಿಲ್ಲಬೇಕು ಎಂಬುದನ್ನಷ್ಟೇ ನಾನು ಹೇಳಬಯಸುತ್ತೇನೆ.

ಬೆತ್ಲೆಹೇಮಿನಲ್ಲಿ ಯೇಸುವಿನ ಜನನಸ್ಥಳದ ಮೇಲೆ ನಾಲ್ಕನೆಯ ಶತಮಾನದಲ್ಲಿ ಕಟ್ಟಿ, ಆರನೆಯ ಶತಮಾನದಲ್ಲಿ ಮತ್ತೆ ಕಟ್ಟಿಸಿದ ವಿಶಾಲ ದೇವಾಲಯವಿದೆ. ಅದರ ಬಾಗಿಲಿನ ಎತ್ತರ ಮಾತ್ರ ಸುಮಾರು 4 ಅಡಿ. ಕುದುರೆ, ಗಾಡಿಗಳು ಒಳನುಗ್ಗದಂತೆ ಅದನ್ನು ಕಿರಿದುಗೊಳಿಸಿದರೆಂದು ಹೇಳುತ್ತಾರೆ. ಕಾರಣ ರಕ್ಷಣೆಯದೇ ಇರಬಹುದು. ಆದರೂ ಇಂದು ಅದನ್ನು ವಿನಯದ ಬಾಗಿಲು ಎಂದೇ ಕರೆಯುತ್ತಾರೆ, ಏಕೆಂದರೆ ಬಿಷಪರಾಗಲಿ ಬಡವರಾಗಲಿ ಬೆನ್ನು ಬಾಗಿಸದೆ ಒಳಹೋಗುವಂತಿಲ್ಲ. ಮನಸ್ಸು ಒಪ್ಪುವ ಮೊದಲೇ ದೇಹ ನಮಸ್ಕರಿಸಿರುತ್ತದೆ. ಕನಕನ ಕಿಂಡಿಯನ್ನು ಕಂಡ ಉಡುಪಿ ಸೀಮೆಯವರಿಗೆ ಸಣ್ಣ ತೆರಪಿನ ದೊಡ್ಡತನವನ್ನು ನಾನು ವಿವರಿಸಬೇಕಾಗಿಲ್ಲ.

ಜೆರುಸಲೇಮಿನ ಪವಿತ್ರ ಸಮಾಧಿಯ ದೇವಾಲಯದಲ್ಲಿ, ಒಳಗೆ ಕಾಲಿಟ್ಟೊಡನೆ ನಸುಗೆಂಪಿನ ಉದ್ದನೆಯ ಕಲ್ಲುಹಾಸೊಂದು ಕಾಣುತ್ತದೆ. ಶಿಲುಬೆಯಿಂದಿಳಿಸಿದ ಯೇಸುವಿನ ದೇಹಕ್ಕೆ ಸುಗಂಧದ್ರವ್ಯ ಲೇಪಿಸಿದ್ದು ಅಲ್ಲಿಯೇ ಎಂಬುದು ಭಕ್ತರ ನಂಬಿಕೆ. ಈಗಿರುವ ಹಾಸು, 1808ರ ಬೆಂಕಿ ಅನಾಹುತದ ನಂತರ, 1810ರ ಜೀರ್ಣೋದ್ಧಾರದಲ್ಲಿ ಇಟ್ಟದ್ದು. ಇದನ್ನು ತಿಳಿದಿದ್ದ ನಾನು ಮೊದಲ ಸಲ ತುಸು ದೂರವೇ ನಿಂತಿದ್ದೆ. ನಮ್ಮ ಗುಂಪಿನ ಹಿರಿಯ ಮಹಿಳೆಯೊಬ್ಬರು ಮೊಣಕಾಲೂರಿ, ಸೆರಗಿನ ಗಂಟು ಬಿಚ್ಚಿ, ತೀರಿಹೋದ ಗಂಡನ ಜಪಮಾಲೆಯನ್ನು ಹೊರತೆಗೆದರು. ಬೆರಳು ಸವೆಸಿದ ಮಣಿಗಳನ್ನು ಪರಿಮಳದ ಎಣ್ಣೆಯಿಂದ ತೇವಗೊಂಡ ಆ ಕಲ್ಲಿನ ಮೇಲೆ ಒಂದೊಂದಾಗಿ ಒತ್ತುತ್ತ, ಕೊಂಕಣಿಯಲ್ಲಿ ಗಂಡನೊಡನೆ ಮಾತನಾಡುವಂತೆ ಏನೋ ಹೇಳಿಕೊಂಡರು. ಪಕ್ಕದಲ್ಲಿದ್ದ, ಭಾಷೆ ಅರಿಯದ ಇನ್ನೊಬ್ಬ ಯಾತ್ರಿಕಳು ಸರಿದು ಅವರಿಗೆ ಜಾಗ ಮಾಡಿಕೊಟ್ಟಳು.

ಕಲ್ಲಿನ ವಯಸ್ಸಿನ ಬಗ್ಗೆ ನನ್ನ ಲೆಕ್ಕಾಚಾರ ತಪ್ಪಾಗಿರಲಿಲ್ಲ, ಆದರೆ ಅಲ್ಲಿ ನಡೆಯುತ್ತಿದ್ದುದಕ್ಕೆ ಅದು ಸಂಬಂಧಿಸಿರಲಿಲ್ಲ. ಪುಣ್ಯಸ್ಥಳ ನಮಗೆ ಅರ್ಥವನ್ನು ಸಿದ್ಧವಾಗಿ ಕೊಡುವುದಿಲ್ಲ. ಮನೆಯಿಂದ ಹೊತ್ತು ತಂದ ದುಃಖವನ್ನೋ ಹರಕೆಯನ್ನೋ ಇಳಿಸಲು ಜಾಗ ಕೊಡುತ್ತದೆ. ಬರಿಗೈಯಲ್ಲಿ, ಕ್ಯಾಮೆರಾ ಮಾತ್ರ ಹಿಡಿದು ಹೋದವರು ಕಟ್ಟಡ ನೋಡಿ ಮರಳುತ್ತಾರೆ.

ಇದನ್ನು ಕಲಿಯಲು ವಿಮಾನ ಹತ್ತಲೇಬೇಕೆಂದಿಲ್ಲ. ಕಾರ್ಕಳದ ಅತ್ತೂರಿನಲ್ಲಿ ಸಂತ ಲಾರೆನ್ಸರ ಪ್ರತಿಮೆಯನ್ನು ಒಮ್ಮೆ ನೆಲಕ್ಕಿಳಿಸಿದ ಮೇಲೆ ಮತ್ತೆ ಎತ್ತಲಾಗಲಿಲ್ಲ ಎಂಬ ಐತಿಹ್ಯವಿದೆ. 2016ರಲ್ಲಿ ಬಸಿಲಿಕಾ ಎಂಬ ವಿಶೇಷ ಸ್ಥಾನ ಪಡೆದ ಅಲ್ಲಿನ ಇಗರ್ಜಿಗೆ ಜನವರಿಯ ಹಬ್ಬದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರೆನ್ನದೆ ಜನ ಮೊಂಬತ್ತಿ ಹಿಡಿದು ಬರುತ್ತಾರೆ. ಯಾತ್ರೆ ಮುಗಿಸಿ ಬಂದ ಮರುವರ್ಷ ಆ ಸಾಲಿನಲ್ಲಿ ಅದೇ ಹಿರಿಯ ಮಹಿಳೆ ನನಗೆ ಸಿಕ್ಕರು. ಒಂದು ಕೈಯಲ್ಲಿ ಮೊಂಬತ್ತಿಯಿತ್ತು. ಇನ್ನೊಂದರಲ್ಲಿದ್ದ ಜಪಮಾಲೆಯನ್ನು ಮೂಸಿ ನೋಡಲೆಂದು ನನ್ನತ್ತ ಚಾಚಿದರು.