ಅತಿಥಿಯ ಬಾಯಲ್ಲಿ ನಮ್ಮ ಪ್ರಾರ್ಥನೆ

ಕೇಳುಗರಿಗೆ ನಮಸ್ಕಾರ. ಧಾರವಾಡದ ಸಪ್ತಾಪುರದ ರೂಮುಗಳಲ್ಲಿ ಸರ್ಕಾರಿ ಪರೀಕ್ಷೆಗೆ ಓದುತ್ತಾ ಕೂತಿರುವ ಹುಡುಗ ಹುಡುಗಿಯರೇ, ಯಾರಾದರೂ ರೇಡಿಯೊ ಹಚ್ಚಿದ್ದರೆ ಈ ಮಾತು ನಿಮಗೇ. ಸಂವಿಧಾನದ 25ನೇ ವಿಧಿ ಏನು ಹೇಳುತ್ತದೆ ಅಂದರೆ ನಿದ್ದೆಗಣ್ಣಲ್ಲೂ ಉತ್ತರ ಕೊಡುತ್ತೀರಿ. ಧಾರ್ಮಿಕ ಸ್ವಾತಂತ್ರ್ಯ. ಸರಿ, ಪೂರ್ತಿ ಅಂಕ. ಆದರೆ ಅದು ಮನುಷ್ಯರ ನಡುವೆ ಹೇಗೆ ನಡೆಯುತ್ತದೆ? ಅದನ್ನು ಯಾವ ಗೈಡೂ ಹೇಳುವುದಿಲ್ಲ. ಹಾಗಾಗಿ ನಾನು ಹೇಳುತ್ತೇನೆ.

1964ರ ಡಿಸೆಂಬರ್ 2. ಪೋಪ್ ಆರನೇ ಪಾಲ್ ಮುಂಬೈಗೆ ಬಂದರು. ಭಾರತಕ್ಕೆ ಬಂದ ಮೊದಲ ಪೋಪ್ ಅವರೇ. ಕೆಥೊಲಿಕ್ ಕ್ರೈಸ್ತರ ದೊಡ್ಡ ಅಂತರರಾಷ್ಟ್ರೀಯ ಸಮಾವೇಶ ಅಲ್ಲಿ ನಡೆದಿತ್ತು. ಮರುದಿನ ಅವರು ಬೇರೆ ಬೇರೆ ಧರ್ಮದವರನ್ನು ಭೇಟಿಯಾದರು. ಅವರ ಮುಂದೆ ಏನು ಹೇಳಿದರು ಗೊತ್ತಾ? ಅಸತ್ಯದಿಂದ ಸತ್ಯದ ಕಡೆಗೆ, ಕತ್ತಲೆಯಿಂದ ಬೆಳಕಿನ ಕಡೆಗೆ, ಸಾವಿನಿಂದ ಅಮರತ್ವದ ಕಡೆಗೆ ನಡೆಸು ಅನ್ನುವ ಪ್ರಾರ್ಥನೆ ಹೇಳಿದರು. ನಮ್ಮ ಬೃಹದಾರಣ್ಯಕ ಉಪನಿಷತ್ತಿನದು! ಇದು ನಮ್ಮ ಕಾಲಕ್ಕೂ ಸೇರಿದ ಪ್ರಾರ್ಥನೆ ಅಂತಲೂ ಸೇರಿಸಿದರು.

ಅದರಿಂದ ಅವರ ಕ್ರೈಸ್ತ ನಂಬಿಕೆ ಒಂದು ಗುಲಗಂಜಿಯಷ್ಟಾದರೂ ಕಡಿಮೆ ಆಯಿತಾ? ಇಲ್ಲ. ತನ್ನ ನಂಬಿಕೆ ಗಟ್ಟಿ ಇದ್ದವನಿಗೆ ಇನ್ನೊಬ್ಬರ ನಂಬಿಕೆ ಕಂಡರೆ ಅಂಜಿಕೆ ಇರುವುದಿಲ್ಲ. ಇವತ್ತು ನಾನು ಹೇಳಬೇಕಾಗಿರುವುದು ಇದೊಂದೇ.

ಈಗ ಕಾರಿನ ವಿಷಯ. ಇದನ್ನು ಹೇಳದೆ ನಾನು ಏಳುವವನಲ್ಲ. ಪೋಪ್ ಓಡಾಡಲು ಅಮೆರಿಕದಿಂದ ಬಂದ ಬಿಳಿ ಲಿಂಕನ್ ಕಾರು ಇತ್ತು. ಆ ಕಾಲದ ನಮ್ಮ ರಸ್ತೆ ನೆನೆಸಿಕೊಳ್ಳಿ. ಅಂಬಾಸಿಡರ್ ಬಂದರೇ ಊರ ಮಕ್ಕಳು ಹಿಂದೆ ಓಡುತ್ತಿದ್ದರು. ಹೊರಡುವಾಗ ಪೋಪ್ ಆ ಕಾರನ್ನು ಮದರ್ ತೆರೇಸಾ ಅವರಿಗೆ ಕೊಟ್ಟುಬಿಟ್ಟರು. ಕೋಲ್ಕತ್ತಾದ ಓಣಿಗಳಲ್ಲಿ ಬಡವರ ಸೇವೆ ಮಾಡುವ ಹೆಣ್ಣುಮಗಳಿಗೆ ಅಷ್ಟುದ್ದದ ಕಾರು! ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಮೊದಲು ಹಾರ ಹಾಕಿ, ನಿಂಬೆಹಣ್ಣು ಇಟ್ಟು, ಬೀಗರ ಮನೆ ಮುಂದೆ ಒಂದು ಸುತ್ತು ಹೊಡೆಯುತ್ತಿದ್ದೆವು, ಅಲ್ವಾ? ಮಾರುವ ಮಾತು ಆಮೇಲೆ. ಬಹುಶಃ ಬರುತ್ತಲೇ ಇರಲಿಲ್ಲ. ಆಕೆ ಅದನ್ನು ಲಾಟರಿಗೆ ಇಟ್ಟರು. ಜನ ಟಿಕೆಟ್ ಕೊಂಡರು. ಬಂದ ದುಡ್ಡು ಕುಷ್ಠರೋಗಿಗಳಿಗಾಗಿ ಪಶ್ಚಿಮ ಬಂಗಾಳದಲ್ಲಿ ಕಟ್ಟುತ್ತಿದ್ದ ಶಾಂತಿನಗರಕ್ಕೆ ಹೋಯಿತು. ಊರವರು ಹೊರಗಿಟ್ಟ ಜನಕ್ಕೆ ಮನೆ, ಕೆಲಸ, ಚಿಕಿತ್ಸೆ. ಅವರ ಜಾತಿ ಯಾವುದು, ದೇವರು ಯಾರು ಅಂತ ಅಲ್ಲಿ ಲೆಕ್ಕಕ್ಕಿಲ್ಲ. ನಂಬಿಕೆ ಗಟ್ಟಿ ಇದ್ದರೆ ಹೀಗೆ ಕೈಗೆ ಕೆಲಸ ಬರುತ್ತದೆ. ಬರೀ ಬಾಯಿಗಲ್ಲ.

ಅದೇ ಮುಂಬೈಯಿಂದ ಪೋಪ್ ಇನ್ನೊಂದು ಮಾತು ಕೇಳಿಕೊಂಡರು. ದೇಶಗಳು ಆಯುಧಗಳ ಪೈಪೋಟಿ ನಿಲ್ಲಿಸಲಿ, ಆ ದುಡ್ಡಿನಲ್ಲಿ ಒಂದಷ್ಟು ಬಡ ದೇಶಗಳಿಗೆ ಬರಲಿ ಅಂತ. ಮರುವರ್ಷ ಅಕ್ಟೋಬರ್ 28ರಂದು ಕೆಥೊಲಿಕ್ ಬಿಷಪ್ಪರ ಮಹಾಸಭೆಯೇ ಬರೆದುಕೊಟ್ಟಿತು: ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ಚರ್ಚ್ ತಳ್ಳಿಹಾಕುವುದಿಲ್ಲ.

ಇದೇನು ನಮಗೆ ಹೊಸದಾ? ಹಾವೇರಿ ಜಿಲ್ಲೆಯ ಶಿಶುನಾಳದ ಷರೀಫರಿಗೆ ಗುರು ಯಾರು? ಕಳಸದ ಗೋವಿಂದ ಭಟ್ಟರು. ಶಿಶುನಾಳದ ಜಾತ್ರೆಗೆ ಹೋಗುತ್ತೇವೆ, ಪದ ಹಾಡುತ್ತೇವೆ, ವಾಪಸ್ ಬಂದು ಪಕ್ಕದ ಮನೆಯವರ ಹಬ್ಬಕ್ಕೆ ಮುಖ ಗಂಟು ಹಾಕುತ್ತೇವೆ. ಇದಕ್ಕೇನನ್ನಬೇಕು, ನೀವೇ ಹೇಳಿ.

ಕಾರಿಗೇ ಅರ್ಧ ಸಮಯ ಹೋಯಿತು. 1986ರ ಫೆಬ್ರವರಿಯಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬಂದಾಗ ಮೊದಲ ದಿನವೇ ರಾಜಘಾಟಿಗೆ ಹೋಗಿ ಗಾಂಧೀಜಿ ಸಮಾಧಿಯ ಮುಂದೆ ಪ್ರಾರ್ಥಿಸಿದರು. ಕೋಲ್ಕತ್ತಾದಲ್ಲಿ ತೆರೇಸಾ ಅವರ ನಿರ್ಮಲ ಹೃದಯಕ್ಕೆ, ಅಂದರೆ ಸಾವಿನಂಚಿನಲ್ಲಿರುವ ಬಡವರನ್ನು ನೋಡಿಕೊಳ್ಳುವ ಮನೆಗೆ ಹೋದರು. ಅದು ಇರುವುದು ಕಾಳಿಘಾಟದ ಗುಡಿಯ ಪಕ್ಕದಲ್ಲೇ. ನಮ್ಮ ಮಂಗಳೂರಿಗೂ ಬಂದು ಹೋದರು. ಅದನ್ನು ಇನ್ನೊಮ್ಮೆ ಕರೆದರೆ ಹೇಳುತ್ತೇನೆ. ನಮಸ್ಕಾರ.