ವಾಕ್ಯವಿತ್ತೋ, ವಾಕ್ಯವಿದ್ದನೋ?

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದಿನ ಮಾತು. ಮಂಗಳೂರಿನ ಒಂದು ಕಾಲೇಜಿನಲ್ಲಿ ಬಿ.ಎ. ತರಗತಿಗೆ ವ್ಯಾಕರಣ ಪಾಠ ಮಾಡುತ್ತಿದ್ದೆ. ಕರ್ತೃ, ಕರ್ಮ, ಕ್ರಿಯಾಪದ ಸೇರಿದರೆ ವಾಕ್ಯ ಅಂತ ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. "ಸರ್, ನಿಮ್ಮ ಬೈಬಲಿನಲ್ಲಿ ವಾಕ್ಯವೇ ದೇವರು ಅಂತ ಇದೆಯಂತೆ. ಇದೇ ವಾಕ್ಯವಾ?" ಅಂತ ಕೇಳಿದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಆದರೆ ಅವನು ತಮಾಷೆಗೆ ಕೇಳಿರಲಿಲ್ಲ. ಉತ್ತರಕ್ಕೆ ಕಾಯುತ್ತಾ ನಿಂತೇ ಇದ್ದ. ನನಗೆ ಆ ಹೊತ್ತಿಗೆ ಸರಿಯಾದ ಉತ್ತರ ಹೊಳೆಯಲಿಲ್ಲ. "ನಾಳೆ ಹೇಳ್ತೇನೆ, ಕೂತ್ಕೋ" ಅಂದೆ.

ಮನೆಗೆ ಬಂದು ಅಜ್ಜಿಯ ಸತ್ಯವೇದ, ಅಂದರೆ ಕನ್ನಡ ಬೈಬಲ್, ತೆಗೆದೆ. ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಪುಸ್ತಕ. ನಮ್ಮ ಮನೆಮಾತು ತುಳು, ಆದರೆ ಅಜ್ಜಿ ಪ್ರಾರ್ಥನೆಗೆ ಕೂತರೆ ಕನ್ನಡವೇ. ಅದರಲ್ಲಿ ಯೇಸುವಿನ ಬದುಕನ್ನು ಹೇಳುವ ಯೋಹಾನನ ಸುವಾರ್ತೆಯ ಮೊದಲ ಸಾಲು ಹೀಗಿದೆ: "ಆದಿಯಲ್ಲಿ ವಾಕ್ಯವೆಂಬುವನಿದ್ದನು." ಚಿಕ್ಕಂದಿನಿಂದ ನೂರಾರು ಸಲ ಕೇಳಿದ ಸಾಲು. ಆ ರಾತ್ರಿ ಮಾತ್ರ "ಇದ್ದನು" ಅನ್ನುವಲ್ಲಿ ಕಣ್ಣು ನಿಂತುಬಿಟ್ಟಿತು.

ವಾಕ್ಯ ಇದ್ದನು ಅಂತ ಯಾರಾದರೂ ಹೇಳುತ್ತಾರಾ? ವಾಕ್ಯ ಇತ್ತು ಅನ್ನುತ್ತೇವೆ, ಅಲ್ವಾ? ಪರೀಕ್ಷೆಯಲ್ಲಿ ಮಕ್ಕಳು ಹೀಗೆ ಬರೆದರೆ ನಾನೇ ಕೆಂಪು ಗೆರೆ ಎಳೆಯುತ್ತೇನೆ.

ಮೂಲ ಗ್ರೀಕಿನಲ್ಲಿ ಈ ತೊಡಕೇ ಇಲ್ಲ. ಅಲ್ಲಿರುವ ಪದ ಲೋಗೋಸ್. ಅದಕ್ಕೆ ಮಾತು, ವಿಚಾರ, ವಿವೇಕ ಎಂದೆಲ್ಲ ಅರ್ಥ ಬರುತ್ತದೆ. ಅಲ್ಲಿಯ ಕ್ರಿಯಾಪದ ಗಂಡು ಹೆಣ್ಣು ನೋಡುವುದಿಲ್ಲ. ಕನ್ನಡ ಹಾಗೆ ಬಿಡುವುದಿಲ್ಲ. ಇದ್ದನೋ, ಇದ್ದಳೋ, ಇತ್ತೋ, ಒಂದನ್ನು ಹೇಳಲೇಬೇಕು. ಗ್ರೀಕಿನಲ್ಲಿ ಓದುಗ ನಿಧಾನವಾಗಿ ಕಂಡುಕೊಳ್ಳುವ ಗುಟ್ಟನ್ನು ಕನ್ನಡದ ಅನುವಾದಕ ಮೊದಲ ಸಾಲಿನಲ್ಲೇ ಬಿಟ್ಟುಕೊಡಬೇಕಾಯಿತು. ಇದು ವಸ್ತುವಲ್ಲ, ಒಬ್ಬ ವ್ಯಕ್ತಿ, ಯೇಸು ಅಂತ. ನೇರವಾಗಿ "ವಾಕ್ಯ ಇದ್ದನು" ಅಂದರೆ ಕಿವಿಗೆ ಕಚ್ಚುತ್ತದೆ. ಅದಕ್ಕೇ ನಡುವೆ "ಎಂಬುವನು" ಅಂತ ಒಂದು ಸಣ್ಣ ಸೇತುವೆ ಹಾಕಿದರು. ಆ ಸೇತುವೆ ಕಟ್ಟಿದವರ ಮೇಲೆ ನನಗೆ ತುಂಬಾ ಪ್ರೀತಿ.

ಲಿಂಗದ ಈ ನಿಯಮವನ್ನು ನಾನು ಕಲಿತದ್ದು ಚರ್ಚಿನಲ್ಲಲ್ಲ, ಕೇಶಿರಾಜನಿಂದ. 13ನೇ ಶತಮಾನದ ಜೈನ ಪಂಡಿತ, ಶಬ್ದಮಣಿದರ್ಪಣ ಎಂಬ ಕನ್ನಡ ವ್ಯಾಕರಣ ಬರೆದವನು. ಸಂಸ್ಕೃತದಲ್ಲಿ ಹೆಂಡತಿ ಎನ್ನುವ ಅರ್ಥದ "ದಾರ" ಪುಲ್ಲಿಂಗ, "ಕಲತ್ರ" ನಪುಂಸಕಲಿಂಗ. ಕನ್ನಡದಲ್ಲಿ ಅದೆಲ್ಲ ನಡೆಯುವುದಿಲ್ಲ. ಇಲ್ಲಿ ಲಿಂಗ ಶಬ್ದದ ಹಿಂದೆ ಹೋಗದೆ ಅರ್ಥದ ಹಿಂದೆ ಹೋಗುತ್ತದೆ. ಹಾಗಾದರೆ "ವಾಕ್ಯವೆಂಬುವನಿದ್ದನು" ವ್ಯಾಕರಣದ ತಪ್ಪಲ್ಲ. ಕನ್ನಡದ ಜಾಯಮಾನಕ್ಕೆ ಪೂರ್ತಿ ಒಪ್ಪುವ ಮಾತು.

ಆ ಶಬ್ದಮಣಿದರ್ಪಣವನ್ನು 1872ರಲ್ಲಿ ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದವರು ಫರ್ಡಿನೆಂಡ್ ಕಿಟೆಲ್. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಪಾದ್ರಿ. ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿ, 1853ರಲ್ಲಿ ಇಲ್ಲಿಗೆ ಬಂದವರು. ಬಂದದ್ದು ಒಂದು ಗ್ರಂಥವನ್ನು ಸಾರುವುದಕ್ಕೆ. ಆದರೆ ನಮ್ಮವರ ಗ್ರಂಥಗಳ ಮುಂದೆ ಶಿಷ್ಯನಂತೆ ಕೂತರು. 1875ರಲ್ಲಿ ಛಂದಸ್ಸಿನ ಗ್ರಂಥವಾದ ನಾಗವರ್ಮನ ಛಂದೋಂಬುಧಿ ತಂದರು. 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಬಂತು. ಜೈನ ಕವಿಯ ಪದ್ಯ, ಶರಣರ ನುಡಿ, ದಾಸರ ಹಾಡು, ಸಂತೆಯ ಗಾದೆ ಯಾವುದನ್ನೂ ಅವರು ಬೇರೆಯವರದು ಅಂತ ಬದಿಗಿಡಲಿಲ್ಲ. ಪದಕ್ಕೆ ಅರ್ಥ ಬೇಕಾದರೆ ಅದು ಬದುಕಿದ ಮನೆಗೇ ಹೋಗಿ ಕೇಳಬೇಕು ತಾನೇ?

ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದರು. "ವಾರವಿಡೀ ಪಂಪ, ರನ್ನ ಅಂತ ಪಾಠ ಮಾಡ್ತೀರಿ. ಭಾನುವಾರ ಇಲ್ಲಿ ಬಂದು ಕೂರ್ತೀರಿ. ಮನಸ್ಸು ಎರಡಾಗೋದಿಲ್ವಾ ಮಾಷ್ಟ್ರೇ?" ಪ್ರೀತಿಯಿಂದಲೇ ಕೇಳಿದ್ದರು. ಆಗ ಸುಮ್ನೆ ನಕ್ಕಿದ್ದೆ. ಈಗ ಕೇಳಿದರೆ, ಕೇಶಿರಾಜ ಇಲ್ಲದಿದ್ದರೆ ಯೋಹಾನನ ಮೊದಲ ಸಾಲು ನನಗೆ ಅರ್ಧವೇ ಕೇಳಿಸುತ್ತಿತ್ತು ಅನ್ನುತ್ತೇನೆ. ಭಕ್ತಿ ಇದ್ದವನು ಪದವನ್ನು ಇನ್ನೂ ಜಾಸ್ತಿ ಎಚ್ಚರದಿಂದ ಓದಬೇಕು. ಪ್ರೀತಿಸುವವರ ಪತ್ರವನ್ನು ನಾವು ಅಕ್ಷರ ಬಿಡದೆ ಓದುತ್ತೇವಲ್ಲ, ಹಾಗೆ.

ಮರುದಿನ ಕ್ಲಾಸಿನಲ್ಲಿ ಆ ಹುಡುಗನಿಗೆ ಹೇಳಿದೆ. "ನಿನ್ನ ಅಜ್ಜ ಹೇಳಿದ್ದು ನಿಮ್ಮ ಮನೆಯಲ್ಲಿ ವೇದವಾಕ್ಯ ಅಂತಾರಲ್ಲ, ಆ ವಾಕ್ಯ ಇದು. ಆಡಿದರೆ ನಡೆದೇ ತೀರುವ ಮಾತು." ಆಮೇಲೆ ಅದೇ ಅಧ್ಯಾಯದ 14ನೇ ವಚನ ಓದಿದೆ: "ಆ ವಾಕ್ಯವೆಂಬುವನು ನರಾವತಾರ ಎತ್ತಿ ನಮ್ಮ ಮಧ್ಯದಲ್ಲಿ ವಾಸಮಾಡಿದನು." ಗ್ರೀಕಿನಲ್ಲಿ "ವಾಸಮಾಡಿದನು" ಎನ್ನುವ ಜಾಗದಲ್ಲಿರುವ ಪದಕ್ಕೆ ಡೇರೆ ಹಾಕಿದನು ಅಂತ ಅರ್ಥ. ಮರಳುಗಾಡಿನಲ್ಲಿ ಜನರ ಜೊತೆ ಜನರಂತೆ ಡೇರೆಯಲ್ಲಿ ಇರುವುದು. ಅದಕ್ಕೆ ಕನ್ನಡದಲ್ಲಿ ಇನ್ನೂ ಹತ್ತಿರದ ಮಾತು ಯಾವುದಿದೆ ಅಂತ ಮಕ್ಕಳನ್ನೇ ಕೇಳಿದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಹುಡುಗನ ತಂದೆ ಯಕ್ಷಗಾನ ಮೇಳದಲ್ಲಿ ಚೆಂಡೆ ಬಾರಿಸುತ್ತಿದ್ದರು. ತಿಂಗಳುಗಟ್ಟಲೆ ಊರೂರು ಸುತ್ತುವ ಕೆಲಸ. ಅವನು ಕೂತಲ್ಲಿಂದಲೇ ಹೇಳಿದ:

"ಬಿಡಾರ, ಸರ್. ನಮ್ಮ ನಡುವೆ ಬಿಡಾರ ಹೂಡಿದ."